ಕೆಂಪು ಪಟ್ಟಿ ಇಲ್ಲದ ತೋಳು

ಕಾಪುವಾ ಊರು, ದಂಡಿನ ಆಯುಧದ ಕೊಠಡಿ
ಬೂಲ್ ತಿಂಗಳ ಹನ್ನೊಂದನೆಯ ದಿನ

ಅರಿಶತ್‌ಗೆ, ಅವಳ ಗಂಡ ಗೆರ್ಸಕೋನ್ ಬರೆಯುವುದು. ತಾನಿತ್ ದೇವಿ ನಿನ್ನನ್ನೂ ನಿನ್ನ ತಾಯಿಯಾದ ಅತ್ತೆಯನ್ನೂ ಕಾಯಲಿ.

ಈ ಓಲೆಯನ್ನು ಒಬ್ಬಳೇ ಓದು. ಅತ್ತೆಯ ಮುಂದೆ ಗಟ್ಟಿಯಾಗಿ ಓದಬೇಡ.

ನಾಲ್ಕು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಪತ್ರ ಮೊನ್ನೆ ಕೈಸೇರಿತು. ಮೂರೇ ಸಾಲು: ತಮ್ಮನ ಹೆಸರಿನ ಕಲ್ಲು ಬಂದಿದೆ, ಮೇಲೆ ದೇವಿಯ ಗುರುತು ಕೆತ್ತಿ ಆಗಿದೆ, ಅವನು ಹೇಗೆ ಸತ್ತ ಎಂಬುದನ್ನು ಸರಿಯಾಗಿ ಬರೆದು ಕಳಿಸಿ, ಅದನ್ನೂ ಕೆತ್ತಿಸಬೇಕು. ನಾನು ಹೇಗಿದ್ದೇನೆಂದು ನೀನು ಕೇಳಿರಲಿಲ್ಲ. ಕೇಳಬೇಕೆಂದು ನಾನೂ ಬಯಸುವುದಿಲ್ಲ.

ಬೇಸಗೆಯಲ್ಲಿ ಬಂದ ಹಡಗಿನವರ ಬಾಯಲ್ಲಿ ನಾನು ಹೇಳಿ ಕಳಿಸಿದ್ದು ಇಷ್ಟು: ನಿನ್ನ ತಮ್ಮ ಅಬ್ದೆಶ್ಮುನ್ ಮುಂದಿನ ಸಾಲಿನಲ್ಲಿದ್ದ, ರೋಮಿನವನ ಈಟಿಗೆ ಎದೆಯೊಡ್ಡಿ ಸತ್ತ. ಅದು ಸುಳ್ಳು. ಜನರ ಕಿವಿಗೆ ಹೇಳಿದ ಸುಳ್ಳು ಕಾಲ ಕಳೆದಂತೆ ಸವೆದು ಹೋಗುತ್ತದೆ. ದೇವಿಯ ಅಂಗಳದ ಕಲ್ಲಿನ ಮೇಲೆ ಸುಳ್ಳು ನಿಲ್ಲಬಾರದು. ಹಡಗು ನಾಲ್ಕು ದಿನದಲ್ಲಿ ಹೊರಡುತ್ತದೆ. ಅಷ್ಟರೊಳಗೆ ನಿಜ ಬರೆಯಬೇಕು.

ಹೊರಡುವ ದಿನ ಬಂದರಿನಲ್ಲಿ ನೀನು ಹೇಳಿದ್ದು ಮರೆತಿಲ್ಲ. "ಅವನನ್ನ ಕರ್ಕೊಂಡು ಹೋದ್ರೆ ಅವನನ್ನ ಕರ್ಕೊಂಡೇ ಬನ್ನಿ. ಇಲ್ಲಾಂದ್ರೆ ನೀವೂ ಬರೋದು ಬೇಡ." ನನ್ನ ಜೊತೆ ಆಯುಧದ ಕೊಠಡಿಯಲ್ಲೇ ಇಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ಚಳಿಗಾಲ ಇಟ್ಟುಕೊಂಡೆ. ಹಿಮದ ಬೆಟ್ಟ ದಾಟುವಾಗ ಲಿಬಿಯಾದ ಈಟಿಯವರಲ್ಲಿ ತುಂಬ ಜನ ಸತ್ತರು, ಜಾಗ ಖಾಲಿಯಾಯಿತು. ಇವನು ಹೋಗಿ ಸೇರಿಕೊಂಡ. "ಅಕ್ಕನಿಗೆ ನಾನೇ ಹೇಳ್ತೀನಿ ಭಾವ, ನಿಮ್ಮನ್ನ ಬೈಯೋಕೆ ಬಿಡಲ್ಲ" ಎಂದ. ಐವತ್ತು ಜನರ ಮುಂದಾಳಾದ. ನಾನು ತಡೆಯಲಿಲ್ಲ. ಅವನ ಬಗ್ಗೆ ನಾಲ್ಕು ಜನ ಒಳ್ಳೆಯ ಮಾತಾಡುವುದು ನನಗೂ ಇಷ್ಟವಾಗಿತ್ತು.

ಅವನು ಸತ್ತ ಕಾನ್ನೆಯ ಬಯಲಿನ ಗೆಲುವು ನಿಮ್ಮ ಬೀದಿಯಲ್ಲೆಲ್ಲ ಹಬ್ಬಿರಬೇಕು. ಸತ್ತ ರೋಮಿನವರ ಉಂಗುರಗಳನ್ನು ಸಭೆಯ ಮುಂದೆ ರಾಶಿ ಸುರಿದರಂತೆ. ನೀನು ನೋಡಲು ಹೋಗಿರಲಾರೆ.

ದಂಡನಾಯಕ ಹನಿಬಲ್‌ನ ಉಪಾಯವನ್ನು ನಮ್ಮಂಥವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಆದರೆ ಒಳ್ಳೆಯ ಆಯುಧ ಯಾರ ಕೈಗೆ ಹೋಗುತ್ತದೆ ಎಂದು ನೋಡಿದರೆ ಕೊಠಡಿಯವನಿಗೆ ಅರ್ಧ ತಿಳಿಯುತ್ತದೆ. ಕಾನ್ನೆಗೆ ಹಿಂದಿನ ವರ್ಷ ಸರೋವರದ ದಂಡೆಯ ಯುದ್ಧದಲ್ಲಿ ಸತ್ತ ರೋಮಿನವರ ಕವಚ, ಗುರಾಣಿ, ಶಿರಸ್ತ್ರಾಣ ಎಲ್ಲ ನಮ್ಮ ಬಳಿ ಇದ್ದವು. ಅವೆಲ್ಲ ಎರಡು ಅಂಚಿನಲ್ಲಿ ನಿಲ್ಲುವ ಲಿಬಿಯಾದವರಿಗೆ ಹೋದವು. ನಮ್ಮ ದಂಡು ಸೇರಿ ನಡುವೆ ನಿಲ್ಲುವ ಗಾಲರಿಗೆ ಏನೂ ಹೋಗಲಿಲ್ಲ. ಅವರು ಬರಿ ಎದೆಯಲ್ಲಿ, ಉದ್ದ ಕತ್ತಿ ಹಿಡಿದು ನಿಂತರು. ನಡುವಿನ ಸಾಲನ್ನು ಬಿಲ್ಲಿನಂತೆ ಶತ್ರುವಿನ ಕಡೆಗೆ ಉಬ್ಬಿಸಿ ನಿಲ್ಲಿಸಿದ್ದರು. ರೋಮಿನವರು ತಳ್ಳಿದಂತೆ ಅದು ಹೆಜ್ಜೆ ಹೆಜ್ಜೆಯಾಗಿ ಒಳಕ್ಕೆ ಬಾಗಬೇಕು, ಮುರಿಯಬಾರದು. ಗೆದ್ದೆವೆಂದು ಅವರು ಒಳಗೆ ನುಗ್ಗಿದ ಮೇಲೆ, ಅಲುಗಾಡದೆ ನಿಂತ ಎರಡು ಅಂಚುಗಳೂ ಒಳಗಡೆ ತಿರುಗಬೇಕು, ಹಿಂದಿನಿಂದ ಕುದುರೆಯವರು ಬಾಗಿಲು ಹಾಕಬೇಕು. ಅದು ಹಾಗೆಯೇ ನಡೆಯಿತು. ಹಿಂದೆ ಸರಿಯುವುದು ಗಾಲರ ಕೆಲಸ, ಸರಿಯುತ್ತ ಸಾಯುವುದೂ ಅವರ ಕೆಲಸ. ಅದನ್ನು ಅವರಿಗೆ ಎಷ್ಟು ಹೇಳಿದ್ದರೋ ನನಗೆ ಗೊತ್ತಿಲ್ಲ.

ಅಂಚಿನವರು ನೋಡಲು ರೋಮಿನವರಂತೆಯೇ ಇದ್ದರಲ್ಲ. ಅದಕ್ಕೇ ಒಂದು ಅಪ್ಪಣೆ ಬಂತು: ರೋಮಿನ ಕವಚ ತೊಟ್ಟ ನಮ್ಮವರೆಲ್ಲ ಬಲತೋಳಿಗೆ ಕೆಂಪು ಪಟ್ಟಿ ಕಟ್ಟಬೇಕು. ಗಾಲರಿಗೂ ಅದನ್ನು ಹೇಳಲಾಯಿತು. ನಮ್ಮ ತುಕಡಿಯ ಪಟ್ಟಿಗಳನ್ನು ಹರಿದು ಕೊಡುವುದು ನನ್ನ ಕೆಲಸ. ಬೆಳಗಿನ ಜಾವದಿಂದ ಕೂತು ರೋಮಿನ ಸರದಾರರ ಕೆಂಪು ಮೇಲುವಸ್ತ್ರಗಳನ್ನು ಹರಿದೆ.

ನಿನ್ನ ತಮ್ಮ ಎಲ್ಲರಿಗಿಂತ ಕೊನೆಗೆ ಬಂದ. ಅವನ ಐವತ್ತು ಜನರಿಗೂ ಕಟ್ಟಿ ಮುಗಿಸಿ ಬಂದಿದ್ದ. ತೊಟ್ಟ ಕವಚ ಅವನಿಗೆ ದೊಡ್ಡದು.

"ಭಾವ, ಇದರ ಯಜಮಾನ ಏನು ತಿಂತಿದ್ದನೋ. ಇನ್ನೊಬ್ಬನ್ನ ಒಳಗೆ ಕೂರಿಸ್ಕೊಂಡು ಹೋಗಬಹುದು."

"ಬಾಯಿ ಮುಚ್ಕೊಂಡು ಕೈ ಎತ್ತು" ಎಂದೆ. ಬಲಗಡೆ ಕಂಕುಳ ಕೆಳಗೆ ಈಟಿ ಹೊಕ್ಕ ತೂತಿತ್ತು. ಕವಚ ಹೆಣೆಯುವ ಕಬ್ಬಿಣದ ಉಂಗುರ ಸಿಗದೆ ತಾಮ್ರದ ತಂತಿಯಿಂದ ನಾನೇ ಅದನ್ನು ಹೆಣೆದಿದ್ದೆ. ಒಮ್ಮೆ ಎಳೆದು ನೋಡಿದೆ, ಗಟ್ಟಿಯಾಗಿತ್ತು.

"ನನ್ನ ಪಟ್ಟಿ ಎಲ್ಲಿ?"

"ಮುಗೀತು ಕಣೋ. ಬಟ್ಟೆ ಇಲ್ಲ. ನಿನ್ನ ಜನರಲ್ಲಿ ಯಾರದಾದರೂ ಅರ್ಧ ಹರಿದು ಕಟ್ಕೋ."

"ಕಟ್ಟಿದ್ದನ್ನ ಬಿಚ್ಚು ಅಂತ ಯಾರಿಗೆ ಹೇಳಲಿ? ಹೋಗಲಿ ಬಿಡಿ ಭಾವ. ಈ ಮುಖ ಯಾರಿಗೆ ಗೊತ್ತಿಲ್ಲ?"

ಕೊಂಬು ಊದಿದರು. ಅವನು ಹೋದ.

ಆ ದಿನ ದಕ್ಷಿಣದ ಗಾಳಿ ಧೂಳೆಬ್ಬಿಸಿತ್ತು. ಅದು ರೋಮಿನವರ ಕಣ್ಣಿಗೆ ಹೊಡೆಯಲೆಂದೇ ನಮ್ಮನ್ನು ಹಾಗೆ ನಿಲ್ಲಿಸಿದ್ದರಂತೆ. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು. ಜನ ಸಿಕ್ಕಿದ್ದನ್ನು ಕೊಠಡಿಗೆ ತಂದು ಹಾಕತೊಡಗಿದರು. ಒಬ್ಬ ಗಾಲ ಬಂದ. ಹೆಸರು ಕಟುಮಾರ, ನನ್ನ ವಯಸ್ಸಿನವನು, ನಮ್ಮ ಮಾತು ಅಷ್ಟಿಷ್ಟು ಕಲಿತಿದ್ದ. ಅವನ ಇಬ್ಬರು ತಮ್ಮಂದಿರು ನಡುವಿನ ಸಾಲಿನಲ್ಲಿ ಅವನ ಎರಡೂ ಪಕ್ಕದಲ್ಲಿ ಸತ್ತಿದ್ದರು. ಹೆಗಲ ಮೇಲಿದ್ದ ಕವಚವನ್ನು ನನ್ನ ಮುಂದೆ ಇಳಿಸಿದ.

"ಇದನ್ನ ತೊಟ್ಟೋನು ದೊಡ್ಡ ಆಳು ಅಣ್ಣ, ರೋಮಿನ ಮುಂದಾಳು. ನನ್ನ ತಮ್ಮಂದಿರಿಗೆ ಇವನೊಬ್ಬನ್ನಾದರೂ ಬಲಿ ಕೊಟ್ಟೆ."

ಬಲಗಡೆ ಕಂಕುಳ ಕೆಳಗೆ ತಾಮ್ರದ ತಂತಿ ಇತ್ತು.

ಎಲ್ಲಿ ಸಿಕ್ಕ ಎಂದು ಕೇಳಿದೆ. ನನ್ನ ದನಿ ಎಂದಿನಂತೆಯೇ ಇತ್ತು, ಅದು ಹೇಗೆ ಸಾಧ್ಯವಾಯಿತೋ. ಒಳಗೆ ಸಿಕ್ಕಿಕೊಂಡ ರೋಮಿನವರನ್ನು ಗಾಲರು ಮುಂದಿನಿಂದ, ಲಿಬಿಯಾದವರು ಪಕ್ಕದಿಂದ ಒತ್ತುತ್ತ ಕೊನೆಗೆ ಒಂದೇ ಕಡೆ ಬಂದು ಕೂಡಿದರಂತೆ. ಅಲ್ಲಿ ಇವನು ಎದುರಾದ.

"ಕೆಂಪು ಪಟ್ಟಿ ಇದ್ದೋನು ನಮ್ಮೋನು ಅಂದಿದ್ರು. ತೋಳು ನೋಡಿದೆ. ಇರ್ಲಿಲ್ಲ. ಆದ್ರೆ ಒಂದು ವಿಚಿತ್ರ ಅಣ್ಣ. ಅವನು ನನ್ನ ನೋಡಿ ನಕ್ಕ. ಕೈ ಬೇರೆ ಎತ್ತಿದ. ರೋಮಿನೋರು ಸಾಯೋವಾಗ ನಗ್ತಾರಾ?"

"ಕೆಲವರು ನಗ್ತಾರೆ" ಎಂದೆ. "ಒಳ್ಳೇ ಕೆಲಸ ಮಾಡಿದೆ" ಎಂದೂ ಅಂದೆ. ಅರಿಶತ್, ಈ ಮಾತನ್ನು ನಾನು ಆಡಿದೆ. ಅವನಿಗೆ ಒಂದು ಹೂಜಿ ದ್ರಾಕ್ಷಾರಸ ಕೊಟ್ಟು ಕಳಿಸಿದೆ. ಗಾಲರು ತಾವು ಕೊಂದವನ ತಲೆ ಕೊಯ್ದು ಇಟ್ಟುಕೊಳ್ಳುವವರು. ತಲೆ ಎಲ್ಲಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೋಗುವಾಗ ಅವನೇ ಹೇಳಿದ, ಇವತ್ತು ಅದಕ್ಕೆಲ್ಲ ಬಿಡುವಾಗಲಿಲ್ಲ ಎಂದು.

ಮರುದಿನ ಬೆಳಗಾಗುತ್ತಲೇ ಹುಡುಕಲು ಹೋದೆ. ಮಧ್ಯಾಹ್ನ ಸಿಕ್ಕ. ಹೊಳೆಯ ನೀರು ತಂದು ತೊಳೆದೆ. ನಮ್ಮವರಿಗೆ ಮಾಡುವಂತೆ ಕೆಮ್ಮಣ್ಣು ಹಚ್ಚಿ, ತಲೆಯ ಬಳಿ ಎಣ್ಣೆಯ ಕುಡಿಕೆ ಇಟ್ಟು, ದಂಡೆಯ ಎತ್ತರದಲ್ಲಿ ಮಣ್ಣು ಮಾಡಿದೆ. ಗಾಯ ಕುತ್ತಿಗೆಯಲ್ಲಿತ್ತು. ಎದೆಯಲ್ಲಿ ಒಂದು ಗೀರೂ ಇರಲಿಲ್ಲ.

ಕಟುಮಾರ ಈಗ ನನ್ನ ಕೊಠಡಿಯಲ್ಲೇ ಇದ್ದಾನೆ. ಮೊಣಕಾಲು ಕೆಟ್ಟು ಸಾಲಿಗೆ ಬೇಡವಾದ. ಕತ್ತಿ ಮಸೆಯುತ್ತಾನೆ, ಗಂಜಿಯನ್ನು ಇಬ್ಬರೂ ಒಂದೇ ಪಾತ್ರೆಯಿಂದ ತಿನ್ನುತ್ತೇವೆ. ತಮ್ಮಂದಿರ ಮಾತು ತೆಗೆದಾಗೆಲ್ಲ ಆ ಮುಂದಾಳನ್ನು ಕೊಂದದ್ದನ್ನೂ ಹೇಳಿಕೊಳ್ಳುತ್ತಾನೆ. ಅದೊಂದೇ ಅವನಿಗೆ ಉಳಿದಿರುವುದು. ನಾನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಅವನನ್ನು ಶಪಿಸಬೇಡ. ಅವನು ತೋಳು ನೋಡಿದ್ದ.

ಕಲ್ಲಿನ ಮೇಲೆ ನಿನ್ನ ತಮ್ಮನ ಹೆಸರು, ಮಾವನವರ ಹೆಸರು, ಅಜ್ಜನ ಹೆಸರು ಕೆತ್ತಿಸು. ಹೇಗೆ ಸತ್ತ ಎಂಬ ಜಾಗವನ್ನು ಖಾಲಿ ಬಿಡಿಸು. ಅತ್ತೆ ಕೇಳಿದರೆ, ಅವರು ಮರೆತು ಬರೆಯಲಿಲ್ಲ ಎಂದು ನನ್ನ ಮೇಲೆ ಹಾಕು. ನೀನು ಬಂದರಿನಲ್ಲಿ ಹೇಳಿದ ಮಾತಿನಂತೆ ನಾನು ಊರಿಗೆ ಬರುವುದಿಲ್ಲ.

ಇಂತು,
ನಿನ್ನ ಗಂಡನೆಂದು ಬರೆದುಕೊಳ್ಳಲು ಇನ್ನೂ ಬಿಟ್ಟಿರುವೆಯಾದರೆ,
ಗೆರ್ಸಕೋನ್

ಮತ್ತೆ: ಓಲೆ ಸುತ್ತಿ ಅರಗು ಹಾಕುವ ಮುಂಚೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಬಟ್ಟೆ ಮುಗಿದಿತ್ತೆಂದು ಬರೆದೆ. ಅದು ನಿಜವಲ್ಲ. ಮದುವೆಯಾದ ವರ್ಷ ನೀನೇ ಬಣ್ಣ ಅದ್ದಿ ಕೊಟ್ಟ ಕೆಂಪು ಹೊದಿಕೆ ನನ್ನ ಪೆಟ್ಟಿಗೆಯಲ್ಲಿತ್ತು. ಅದರ ಅಂಚಿನಲ್ಲಿ ನಾಲ್ಕು ಬೆರಳಗಲ ಹರಿದಿದ್ದರೆ ಸಾಕಿತ್ತು. ನಿನ್ನದೆಂದು ನನ್ನ ಬಳಿ ಇರುವುದು ಅದೊಂದೇ ಎಂದುಕೊಂಡು ಸುಮ್ಮನಾದೆ. ಅಬ್ದೆಶ್ಮುನ್‌ಗೆ ಅದು ಗೊತ್ತಿರಲಿಲ್ಲ. ಬಟ್ಟೆ ಇಲ್ಲ ಎಂದು ಅವನಿಗೆ ಹೇಳುವಾಗ ನಾನು ಆ ಪೆಟ್ಟಿಗೆಯ ಮೇಲೆಯೇ ಕೂತಿದ್ದೆ.