ನಿಮ್ಮ ತಂಗಿ ಇಲ್ಲೇನ್ರಿ?

ಕೊಟ್ಟೂರು
೧೪ ನವೆಂಬರ್ ೨೦೦೩

ಪ್ರೀತಿಯ ತಂಗಿ ಸುಮಲತಾಳಿಗೆ ನಿನ್ನ ಅಕ್ಕ ನೀಲಗಂಗಮ್ಮನ ನೆನಪುಗಳು.

ಹಲವಾಗಲಿನಿಂದ ನೀನು ಬರೆದ ಮೂರು ಪತ್ರಗಳೂ ತಲುಪಿವೆ. ಮೂರಕ್ಕೂ ಉತ್ತರ ಬರೆಯದೆ ಕೂತಿದ್ದು ನನ್ನ ತಪ್ಪು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುತ್ತೀ, ಆದರೆ ಅದು ನಿಜವಲ್ಲ. ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಭಾವನಿಗೆ ಮೊಣಕಾಲು ನೋವು ಹಾಗೇ ಇದೆ. ನಮ್ಮ ಶಾಂಭವಿಯ ಸಂಬಂಧ ಗಟ್ಟಿಯಾಯಿತು. ಹುಡುಗ ಗವಿಸಿದ್ದೇಶ, ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮಾತು ಕಡಿಮೆ, ಮುಖ ಒಳ್ಳೆಯದು. ಫೆಬ್ರವರಿಯಲ್ಲಿ ಮದುವೆ. ನೀನು ಹತ್ತು ದಿನ ಮೊದಲೇ ಬರಬೇಕು. ನಿಮ್ಮ ಅತ್ತೆಯವರಿಗೆ ಬೇರೆ ಕಾಗದ ಹಾಕುತ್ತೇನೆ.

ಮೂರೂ ಪತ್ರಗಳಲ್ಲಿ ನೀನು ಒಂದೇ ಮಾತು ಕೇಳಿದ್ದೀ: "ಅಕ್ಕಾ, ನನ್ನಿಂದ ಏನರ ತಪ್ಪಾತೇನು? ಹಂಗ್ಯಾಕ ಒಮ್ಮೆಲೆ ಕಳಿಸಿಬಿಟ್ಟಿ?" ತಪ್ಪು ನಿನ್ನದಲ್ಲ. ಇವತ್ತು ಹೇಳಿಬಿಡುತ್ತೇನೆ.

ಹೋದ ವರ್ಷ ನೀನು ಬರುವ ಮೊದಲೇ ನನ್ನ ಕಸೂತಿ ಅಂಗಡಿ ಕುಂಟುತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ಬಟ್ಟೆ ಅಂಗಡಿಯವರು ದಾವಣಗೆರೆಯಿಂದ ಮಷೀನ್ ಎಂಬ್ರಾಯಿಡರಿ ಹಾಕಿದ, ಸೀರೆಗೊಪ್ಪುವ ಜಂಪರ್ ತುಂಡು ತರಿಸತೊಡಗಿದ್ದರು. ಬೆಳಗ್ಗೆ ಕೊಂಡರೆ ಸಂಜೆಗೆ ಹೊಲಿಸಿ ತೊಡಬಹುದು. ಕೈಯಿಂದ ಹೂವು ತೆಗೆಯುವ ನನಗೆ ಒಂದು ತೋಳಿಗೇ ನಾಲ್ಕು ದಿನ ಬೇಕು. ನಾನು ಮಾತ್ರ ಬಿಗುಮಾನದಲ್ಲೇ ಇದ್ದೆ. "ಕೈಕೆಲಸದ ಬೆಲಿ ಗೊತ್ತಿದ್ದೋರು ಬರತಾರ" ಎನ್ನುತ್ತಿದ್ದೆ. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮುರಿಯಿತು. ನಿಮ್ಮ ಭಾವ ನಿನಗೆ ಫೋನ್ ಮಾಡಿಸಿದರು. ನೀನು ಮರುದಿನದ ಮೊದಲ ಬಸ್ಸಿಗೇ ಬಂದೆ.

ಬಂದವಳು ಎರಡು ತಿಂಗಳು ಅಂಗಡಿಯ ಬಾಗಿಲು ಕಾಯುತ್ತೀ, ಅಷ್ಟೇ ಎಂದುಕೊಂಡಿದ್ದೆ. ನಿನಗೆ ಸೂಜಿ ಹಿಡಿಯಲು ಕಲಿಸಿದವಳು ನಾನಲ್ಲವೇ?

ಹಂಪಮ್ಮ ಟೀಚರ್ ಬಂದ ದಿನ ನೆನಪಿದೆಯೇ? ಬದನೆ ಬಣ್ಣದ ಬಟ್ಟೆ ಹಿಡಿದು, ಏನು ಹಾಕಿಸಬೇಕೋ ತಿಳಿಯದೆ ನಿಂತಿದ್ದರು. ನಾನಾಗಿದ್ದರೆ, "ಇದಕ್ಕ ಬಿಳಿ ಮಲ್ಲಿಗಿ ಬಳ್ಳಿನ ಒಪ್ಪೋದ್ರಿ" ಎಂದು ತೀರ್ಪು ಕೊಟ್ಟು ಕಳಿಸುತ್ತಿದ್ದೆ. ನೀನು ಅವರನ್ನು ಕೂರಿಸಿ, ನೀರು ಕೊಟ್ಟು, "ಟೀಚರ್, ನಿಮ್ಮ ತವರೂರು ಯಾವ್ದ್ರಿ? ಸಣ್ಣೋರಿದ್ದಾಗ ಅಲ್ಲಿ ಏನು ಭಾಳ ಇಷ್ಟ ಇತ್ರಿ?" ಎಂದೆ. ಅವರು ನಕ್ಕು, "ನಮ್ಮದು ಗುಡೇಕೋಟಿ. ಗುಡ್ಡದಾಗ ಕಾರೆಹಣ್ಣು ಹರಿಯಾಕ ಹೋಗಿ ಕೈ ತುಂಬ ಮುಳ್ಳು ಚುಚ್ಚಿಸ್ಕೊಂಡು ಬರ್ತಿದ್ವಿ ನೋಡವ್ವಾ" ಎಂದರು. ನೀನು ಅಲ್ಲೇ ಕ್ಯಾಲೆಂಡರಿನ ಹಿಂಬದಿಗೆ ಒಂದು ಮುಳ್ಳುಕಡ್ಡಿ, ನಾಲ್ಕು ಹಣ್ಣು ಬರೆದೆ.

ವಾರಕ್ಕೆ ಆ ತೋಳು ತಯಾರಾಯಿತು. ಟೀಚರ್ ಹಣ್ಣಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತ ನಿಂತರು. ಇಪ್ಪತ್ತು ವರ್ಷದಲ್ಲಿ ನನ್ನ ಕೆಲಸ ನೋಡಿ ಯಾರೂ ಹಾಗೆ ನಿಂತಿರಲಿಲ್ಲ. ಒಳಗೆ ಮಂಚದ ಮೇಲೆ, ಕೈಗೆ ಪಟ್ಟಿ ಸುತ್ತಿಕೊಂಡು, ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಹೋದ ಮೇಲೆ ನಿನ್ನನ್ನು ಕರೆದು, "ಕಡ್ಡಿ ಹತ್ರ ಹೊಲಿಗಿ ಉದ್ದ ಆಗ್ಯಾವ, ಒಗದ್ರ ಕಿತ್ತು ಬರ್ತಾವ" ಎಂದೆ. ಹೊಲಿಗೆ ಉದ್ದವಾಗಿರಲಿಲ್ಲ ಸುಮಾ. ನನಗಿಂತ ಸಣ್ಣ ಹೊಲಿಗೆ ನಿನ್ನದು.

ಆಮೇಲೆ ಅವರ ಶಾಲೆಯ ಟೀಚರುಗಳೆಲ್ಲ ಬಂದರು. ಕೂಡ್ಲಿಗಿಯಿಂದಲೂ ಹುಡುಕಿಕೊಂಡು ಬಂದರು. ಅಂಗಡಿ ಎದ್ದು ಕೂತಿತು. ಎಲ್ಲರ ಬಾಯಲ್ಲಿ ಸುಮಕ್ಕ, ಸುಮಕ್ಕ. ನನ್ನ ಕೈ ಕೂಡಿ, ಬೆರಳು ಮಡಚುವಂತಾದ ಮೂರನೆಯ ದಿನವೇ ನಿನಗೆ, "ನಿಮ್ಮ ಅತ್ತಿ ಹೇಳಿ ಕಳಿಸ್ಯಾರ, ಹೊರಡು ಇನ್ನ" ಎಂದೆ. ನಿಮ್ಮ ಅತ್ತೆ ಏನೂ ಹೇಳಿ ಕಳಿಸಿರಲಿಲ್ಲ. ನಿನ್ನನ್ನು ಬಸ್ಸಿಗೆ ಹತ್ತಿಸಿ ಬರುವಾಗ ನಿಮ್ಮ ಭಾವ ಒಂದೇ ಮಾತು ಹೇಳಿದರು: "ಆಕಿ ಇನ್ನೊಂದಾರು ತಿಂಗಳು ಇದ್ದಿದ್ರ ಚಲೋ ಇತ್ತು." ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ನೀನು ಹೋದ ಮೇಲೆ ಬಂದವರೆಲ್ಲ ಹೊಸ್ತಿಲಲ್ಲೇ ನಿಂತು, "ನಿಮ್ಮ ತಂಗಿ ಇಲ್ಲೇನ್ರಿ?" ಎನ್ನುತ್ತಿದ್ದರು. ಮೊದಲು, ಊರಿಗೆ ಹೋಗಿದ್ದಾಳೆ ಎಂದೆ. ಆಮೇಲೆ ಹೊಟ್ಟೆಕಿಚ್ಚು ತಡೆಯದೆ, "ಆಕಿಗೆ ಕಣ್ಣು ಮಂಜಾಗ್ಯಾವ್ರಿ, ಸೂಜಿ ಬಿಟ್ಟಾಳ" ಎಂದೆ. ಎಳೆಯ ಕಣ್ಣಿನ ನಿನ್ನ ಮೇಲೆ ಅಂಥ ಮಾತು ಹೇಗೆ ಬಂತೋ. ಹೇಳಿದ್ದರಿಂದ ಲಾಭವೇನೂ ಆಗಲಿಲ್ಲ. ಅಯ್ಯೋ ಪಾಪ ಎಂದು ಬಟ್ಟೆಯನ್ನು ಕಂಕುಳಲ್ಲೇ ಇಟ್ಟುಕೊಂಡು ಹಿಂದಿರುಗಿದರು. ಯುಗಾದಿಯ ಹೊತ್ತಿಗೆ ಮತ್ತೆ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ.

ಆಗ ಒಂದು ಮಧ್ಯಾಹ್ನ ಉಚ್ಚಂಗಿದುರ್ಗದ ಮಾಳಮ್ಮ ಎಂಬ ಹೆಂಗಸು ಬಂದಳು. ಮಲ್ಲಿಗೆ ಬಳ್ಳಿ ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡು, "ನಿಮಗೇನು ಇಷ್ಟ ಐತ್ರಿ?" ಎಂದೆ. ನಿನ್ನ ಮಾತು ಕದ್ದಂತೆನಿಸಿತು. ಆಕೆ ಅರ್ಧ ಗಂಟೆ ತನ್ನ ಸತ್ತ ಎಮ್ಮೆಯ ಕಥೆ ಹೇಳಿದಳು! ಕೊನೆಗೆ ಜಂಪರಿನ ಬೆನ್ನ ಮೇಲೆ ಎಮ್ಮೆಯ ಕೊರಳ ಗಂಟೆಸರ ಹಾಕಿಕೊಟ್ಟೆ. ಆಮೇಲೆ ಆಕೆ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಹಾಗೇ ಅಂಗಡಿ ಉಳಿದಿದೆ. ನನಗೆ ಗೊತ್ತಿರುವುದು ಸೂಜಿಯ ಕೆಲಸ. ಎದುರಿಗಿದ್ದವರ ಮನಸ್ಸಿನಲ್ಲಿ ಏನಿದೆಯೆಂದು ನನಗೇನು ಗೊತ್ತು? ಇಷ್ಟನ್ನು ಕಲಿಯಲು ಕೈ ಮುರಿಯಬೇಕಾಯಿತು, ತಂಗಿಯನ್ನು ದೂಡಬೇಕಾಯಿತು.

ಹೋದ ವಾರ ಹಂಪಮ್ಮ ಟೀಚರ್ ಸಿಕ್ಕಿದ್ದರು. ನಿನ್ನ ಕಣ್ಣು ಚೆನ್ನಾಗಿವೆ, ನಾನು ಸುಳ್ಳು ಹೇಳಿದ್ದೆ ಎಂದು ಹೇಳಿಬಿಟ್ಟೆ. ಅವರು, "ಹೋಗ್ಲಿ ಬಿಡ್ರಿ, ಆಕಿಗೂ ಹೇಳ್ರಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ಬರೆಯಲಾರೆ. ನಿನ್ನ ಹೆಸರು ಕೇಳಿದರೆ ಈಗಲೂ ಒಂದು ಚುಕ್ಕೆ ಸುಡುತ್ತದೆ.

ನಿನ್ನ ಮನೆ ತಣ್ಣಗಿರಲಿ, ಮಕ್ಕಳು ಉಂಡು ಬೆಳೆಯಲಿ, ನಿನ್ನ ಕೈ ಯಾವತ್ತೂ ಸೋಲದಿರಲಿ. ಹಿರಿಯರಿಗೆ ಶರಣು ತಿಳಿಸು.

ಇಂತಿ ನಿನ್ನ ಅಕ್ಕ,
ನೀಲಗಂಗಮ್ಮ

ತಾ.ಕ.: ಈ ಪತ್ರದ ಜೊತೆಗಿನ ಕಟ್ಟಿನಲ್ಲಿ ಶಾಂಭವಿ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ತೊಡುವ ಜಂಪರಿನ ಹಸಿರು ರೇಷ್ಮೆ ಇದೆ. ಮೊನ್ನೆ ಅವಳು ಒಗೆದ ಬಟ್ಟೆ ಮಡಚುತ್ತ, ತಲೆ ಎತ್ತದೆ, "ಅವ್ವಾ, ಆ ಹಸಿರು ಜಂಪರ್ ಒಂದು ಚಿಗವ್ವನ ಕೈಲೆ ಮಾಡಸ್ತೀಯೇನು? ಬ್ಯಾಸರ ಮಾಡ್ಕೋಬ್ಯಾಡ" ಎಂದಳು. ಆಗಲಿ ಎಂದೆ. ಆಕೆಗೆ ಗೊತ್ತಿಲ್ಲ, ಅಷ್ಟರಲ್ಲಿ ನಾನು ಒಂದು ತೋಳು ಮುಗಿಸಿದ್ದೆ. ಎಲ್ಲ ಬಿಚ್ಚಿ ಕಳಿಸಿದ್ದೇನೆ. ಬೆಳಕಿಗೆ ಹಿಡಿದರೆ ಸೂಜಿಯ ತೂತುಗಳು ಕಾಣುತ್ತವೆ. ಅವುಗಳ ಮೇಲೆಯೇ ಏನಾದರೂ ಹಾಕಿ ಮುಚ್ಚು. ಏನು ಹಾಕಬೇಕೆಂದು ಅವಳನ್ನೇ ಕೇಳು, ನಾನು ಕೇಳಿರಲಿಲ್ಲ.