ಬಂಗಾರಿಯ ಎರಡು ಸ್ಲೈಡು

ವಿಶಾಖಪಟ್ಟಣ
18 ನವೆಂಬರ್ 2024

ಪ್ರೀತಿಯ ಹರಿಣಿ,

ನಿನ್ನ ರಿಪೋರ್ಟ್ ಬಂದು ಹನ್ನೆರಡು ದಿನವಾಯಿತು, ಉತ್ತರ ಬರೆಯಲಿಲ್ಲ. ಬೈಯಬೇಡ. ವಿಜಯವಾಡದ ಸೆಕೆ, ನಿಮ್ಮ ಮನೆಯವರು ಶ್ರೀಹರ್ಷ ಅವರ ಬ್ಯಾಂಕಿನ ಆಡಿಟ್ಟು ಎಲ್ಲ ಹೇಗಿದೆ? ನೀನು ಕೊಟ್ಟ ಮಂಗಳಗಿರಿ ಸೀರೆ ಉಟ್ಟರೆ ಇಲ್ಲಿನ ನೇವಿ ಹೆಂಗಸರೆಲ್ಲ ಸೆರಗು ಹಿಡಿದು ನೋಡುತ್ತಾರೆ. ನಮ್ಮ ಮನೆಯವರು ರಘು ಹಡಗಿನಲ್ಲಿದ್ದಾರೆ, ಬರುವುದು ಸಂಕ್ರಾಂತಿಗೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಪರವಾಡದ ಗಂಗಾಭವಾನಿಯ ಮೇಕೆ ಬಂಗಾರಿಗೆ ಹನ್ನೊಂದು ವರ್ಷ. ಹೊಟ್ಟೆ ದಪ್ಪವಾದಾಗ ಮುಟ್ಟಿ ನೋಡಿ, "ಎರಡು ಮರಿ ಇರಬೇಕಮ್ಮಾ" ಅಂದವಳು ನಾನೇ. ಸ್ಕ್ಯಾನ್ ಕೂಡ ಮಾಡಲಿಲ್ಲ. ಆಕೆ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಮರಿಗಳಿಗೆ ಗೆಜ್ಜೆ ತಂದಿಟ್ಟಳು. ಮೇಕೆ ಈಯಬೇಕಾದ ಐದು ತಿಂಗಳು ಕಳೆದು ಏಳಾಯಿತು. ಮರಿ ಬರಲಿಲ್ಲ, ರಕ್ತ ಬಂತು. ಆಟೋದಲ್ಲಿ ತಂದು ಮೇಜಿನ ಮೇಲೆ ಮಲಗಿಸಿ, "ಡಾಕ್ಟರಮ್ಮಗಾರೂ, ಮರಿ ಬೇಡ, ಇದು ಬದುಕಿದರೆ ಸಾಕು" ಎಂದು ತೆಲುಗಿನಲ್ಲಿ ಬೇಡಿಕೊಂಡಳು. ನನಗೆ ನಾಚಿಕೆಯಾಯಿತು.

ಗರ್ಭಕೋಶದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ! ಮೇಕೆಯಲ್ಲಿ ನಾನು ಕಂಡದ್ದು ಇದೇ ಮೊದಲು. ಮುದಿಯಾಗುವ ತನಕ ಮೇಕೆಯನ್ನು ಯಾರು ಉಳಿಸುತ್ತಾರೆ ಹೇಳು. ಆಪರೇಷನ್ ಮಾಡಿ ತೆಗೆದೆ. ಕಾಲೇಜಿನಲ್ಲಿ ನಾವು ಒಬ್ಬರನ್ನೊಬ್ಬರು ಪರೀಕ್ಷಿಸುತ್ತಿದ್ದ ಹಾಗೆ, ಎರಡು ಸ್ಲೈಡಿಗೆ ಬರೀ ನಂಬರು ಹಾಕಿ, ಮೇಕೆಯದೆಂದಷ್ಟೇ ತಿಳಿಸಿ ನಿನಗೆ ಕಳಿಸಿದೆ. ನೀನು ಮೊದಲನೆಯದು ಅಪಾಯವಿಲ್ಲದ ಗಡ್ಡೆ, ಎರಡನೆಯದು ಕ್ಯಾನ್ಸರ್ ಎಂದೆ. "ಒಂದೇ ಮೇಕೆಯಲ್ಲಿ ಎರಡು ಥರ ಹೇಗೆ ಕಣೇ? ಕೆಟ್ಟದ್ದನ್ನೇ ನಂಬು. ಆ ಜೀವಕ್ಕೆ ಹೆಚ್ಚು ದಿನವಿಲ್ಲ" ಅಂತಲೂ ಬರೆದೆ.

ಓದಿದಾಗಿನಿಂದ ನನಗೆ ದಿಕ್ಕೇ ತೋಚುತ್ತಿಲ್ಲ. ನನ್ನ ಬಳಿ ಉಳಿದ ಜೋಡಿ ಸ್ಲೈಡು ಇಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಬೆಳಿಗ್ಗೆ ಒಂದು ಅನ್ನಿಸುತ್ತದೆ, ಸಂಜೆ ಇನ್ನೊಂದು. ಬಂಗಾರಿ ಮಾತ್ರ ಹೊಲಿಗೆ ಬಿಚ್ಚಿದ ದಿನವೇ ನನ್ನ ರಿಜಿಸ್ಟರಿನ ಹಾಳೆ ತಿಂದಳು. "ನಿಮ್ಮ ಕೈಗುಣ" ಎಂದು ಗಂಗಾಭವಾನಿ ನಕ್ಕಳು. ನಿನ್ನ ರಿಪೋರ್ಟಿನ ವಿಷಯ ಅವಳಿಗೆ ಹೇಳಲಿಲ್ಲ.

ನಿನ್ನ ಮಗಳಿಗೆ ಮುತ್ತು. ಅವಳು ದಿನವಿಡೀ ತೆಲುಗೇ ಆಡಲಿ ಬಿಡು, ನನ್ನನ್ನು ಚಿಕ್ಕಮ್ಮ ಅಂದರೆ ಸಾಕು. ನೂರು ವರ್ಷ ಸುಖವಾಗಿರಲಿ.

ನಿನ್ನ
ನಿಶ್ಚಿತಾ

ತಾ.ಕ.: ಮೊದಲನೆಯ ಸ್ಲೈಡು ಬಂಗಾರಿಯದು. ಎರಡನೆಯದು ನನ್ನದು. ಇಲ್ಲಿ ಇಬ್ಬರು ಡಾಕ್ಟರು ಅದನ್ನು ನೋಡಿ ಎರಡು ಮಾತು ಹೇಳಿದರು. ನನ್ನ ಹೆಸರು ಕಂಡರೆ ಪ್ರೀತಿಗೆ ನಿನ್ನ ಕಣ್ಣೂ ಸುಳ್ಳು ಹೇಳೀತೆಂದು ಹೆದರಿ ಮೇಕೆಯದೆಂದು ಕಳಿಸಿದೆ. ರಘುವಿಗೆ ಇನ್ನೂ ಗೊತ್ತಿಲ್ಲ. ಇನ್ನೊಮ್ಮೆ ನೋಡು ಹರಿಣಿ. ಈ ಸಲ ನನ್ನದೆಂದು ಗೊತ್ತಿದ್ದೇ ನೋಡು.