ಕಾಯುತ್ತಿದ್ದ ಮೇಷ್ಟ್ರು

ಅಪ್ಪಾ,

ಇವತ್ತು ನಾನು ಕಲಿಸುವ ಏಳನೇ ತರಗತಿಗೆ, ನನ್ನ ಜೊತೆ ವಿಜ್ಞಾನದ ಪಾಠ ಮಾಡಲು ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು. ಸ್ಟೀಲ್ ತಟ್ಟೆಯ ಮೇಲೊಂದು, ಮರದ ಹಲಗೆಯ ಮೇಲೊಂದು ಐಸ್ ತುಂಡು ಇಟ್ಟು, "ಯಾವುದು ಬೇಗ ಕರಗತ್ತೆ?" ಎಂದು ಕೇಳಿ ಸುಮ್ಮನೆ ನಿಂತಳು. ನನಗೆ ತಡೆಯಲಾಗಲಿಲ್ಲ. "ಸ್ಟೀಲ್ ಮೇಲಿಂದು" ಎಂದುಬಿಟ್ಟೆ. ಮಕ್ಕಳ ಮುಖ ಬಾಡಿತು.

"ಪರವಾಗಿಲ್ಲ ಮಿಸ್, ನನಗೂ ಮೊದಲು ಇದೇ ಆತುರ. ತೀರಿಹೋದ ನಮ್ಮ ಪ್ರೊಫೆಸರ್ ಇದ್ರಲ್ಲ, ನಾವೇ ಕಂಡ್ಕೊಳ್ಳೋವರೆಗೂ ಗಲ್ಲಕ್ಕೆ ಕೈಯಿಟ್ಟು ಕಾಯೋರು," ಎಂದಳು ಅವಳು.

ಯಾವ ಪ್ರೊಫೆಸರ್ ಎಂದು ಕೇಳಿದೆ. ಅವಳು ಹೇಳಿದ್ದು ನಿನ್ನ ಹೆಸರು. ನನ್ನ ಹೊಟ್ಟೆ ಉರಿದುಹೋಯಿತು. ಮನೆಯಲ್ಲಿ ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಎಸೆದು ಪೇಪರಿನೊಳಗೆ ಮುಳುಗುತ್ತಿದ್ದೆಯಲ್ಲ!

ನಾನು ನಿನ್ನ ಮಗಳೆಂದು ಹೇಳಲಿಲ್ಲ. ಹೇಳಿದ್ದರೆ, "ಮನೇಲೂ ಹಾಗೇ ಕಾಯೋರಾ ಮಿಸ್?" ಎಂದು ಕೇಳಿ, ಸುಮ್ಮನೆ ನಿಂತುಬಿಡುತ್ತಿದ್ದಳು.